ಕೆಟ್ಟ ಸ್ಲೈಡ್ ಮೊದಲು

ಜುಲೈ ೯

ಅಮ್ಮ,

ಬಂದು ತಲುಪಿದೆ ಅಂತ ಫೋನಿನಲ್ಲೇ ಹೇಳಿದ್ದೇನೆ. ಆದರೆ ಫೋನಿನಲ್ಲಿ ನಾವಿಬ್ಬರೂ ‘ಊಟ ಆಯ್ತಾ’ ಎಂಬ ಸ್ಟಾಪ್ ದಾಟಿ ಮುಂದೆ ಹೋಗುವುದಿಲ್ಲ, ನಿನಗೂ ಗೊತ್ತು. ಹಾಸ್ಟೆಲಿನ ಕಾಲದ ಅಭ್ಯಾಸ, ಪೆನ್ನು ಹಿಡಿದರೆ ಮಾತ್ರ ನನಗೆ ಬಾಯಿ ಬರುತ್ತದೆ. ನಡುವೆ ಇಂಗ್ಲಿಷ್ ನುಸುಳಿದರೆ ಬೈಯಬೇಡ. ಹಾಲುಹಲ್ಲು ಬೀಳುವ ವಯಸ್ಸಿಗೇ ನನ್ನನ್ನು ಇಂಗ್ಲಿಷ್ ಶಾಲೆಯ ಹಾಸ್ಟೆಲಿಗೆ ಸೇರಿಸಿದವಳು ನೀನೇ.

ನಮ್ಮ ವಿಭಾಗ ಆಸ್ಪತ್ರೆಯ ನೆಲಮಾಳಿಗೆಯಲ್ಲಿದೆ. ಮೆಟ್ಟಿಲಿಳಿಯುವಾಗಲೇ ಸ್ಪಿರಿಟ್ ವಾಸನೆ ಮೂಗಿಗೆ ಬಡಿಯುತ್ತದೆ. ಕಿಟಕಿಗಳು ಸೂರಿಗೆ ಅಂಟಿಕೊಂಡಿವೆ, ಅದರಲ್ಲಿ ಹೊರಗೆ ನಡೆಯುವವರ ಪಾದಗಳು ಮಾತ್ರ ಕಾಣುತ್ತವೆ. ಇಲ್ಲಿಗೆ ರೋಗಿಗಳು ಬರುವುದಿಲ್ಲ, ಅವರ ಹನಿಗಳು ಬರುತ್ತವೆ. ಮಗುವಿನ ಹೊಟ್ಟೆಯಲ್ಲಿ ಗಡ್ಡೆ ಇದ್ದರೆ ಅದರೊಳಗೆ ಸಣ್ಣ ಸೂಜಿ ಇಳಿಸಿ ಒಂದು ಹನಿ ಎಳೆಯುತ್ತಾರೆ. ಅದನ್ನು ಗಾಜಿನ ಸ್ಲೈಡಿನ ಮೇಲೆ ಹರಡಿ, ಬಣ್ಣ ಹಾಕಿ, ಮೈಕ್ರೊಸ್ಕೋಪ್‌ನಲ್ಲಿ ನೋಡಿ ಆ ಗಡ್ಡೆಯ ಹೆಸರು ಹೇಳುವುದು ನಮ್ಮ ಕೆಲಸ. ಹೆಸರು ಸರಿಯಾದರೆ ಔಷಧಿ ಸರಿ. ಇಂಥ ಗಡ್ಡೆಗಳು ಅಪರೂಪ. ಬೇರೆ ಆಸ್ಪತ್ರೆಗಳು ಅಪರೂಪಕ್ಕೊಮ್ಮೆ ಕಂಡು ತಲೆ ಕೆರೆದುಕೊಳ್ಳುವುದೆಲ್ಲ ಕೊನೆಗೆ ನಮ್ಮ ಮೇಜಿಗೇ ಬರುತ್ತದೆ. ಬರೆಯುವಾಗ ‘ನಮ್ಮ ಮೇಜು’ ಅಂದುಬಿಟ್ಟೆ ನೋಡು, ಬಂದು ವಾರ ಕೂಡ ಆಗಿಲ್ಲ.

ಆದರೆ ಇಲ್ಲೊಂದು ಪದ್ಧತಿ ಇದೆ, ಅದನ್ನು ನೆನೆದರೆ ಬೆಳಗ್ಗೆ ತಿಂಡಿ ಒಳಗೆ ಇಳಿಯುವುದಿಲ್ಲ. ಹಲವರು ಒಟ್ಟಿಗೆ ಕಣ್ಣಿಡಬಹುದಾದ ದೊಡ್ಡ ಮೈಕ್ರೊಸ್ಕೋಪ್ ಒಂದಿದೆ. ದಿನಾ ಬೆಳಗ್ಗೆ ಎಲ್ಲರೂ ಅದರ ಸುತ್ತ ಕೂರುತ್ತೇವೆ. ಸ್ಲೈಡ್ ಇಟ್ಟ ಮೇಲೆ ಮೊದಲು ಬಾಯಿ ತೆರೆಯಬೇಕಾದವರು ಎಲ್ಲರಿಗಿಂತ ಚಿಕ್ಕವರು. ಅಂದರೆ ನಾನು. ಆಮೇಲೆ ಎರಡನೇ ವರ್ಷದವನು, ಆಮೇಲೆ ನಮಗೆ ಕಲಿಸುವ ಸರ್, ಕೊನೆಗೆ ವಿಭಾಗದ ಮುಖ್ಯಸ್ಥೆ. ಅವರನ್ನು ಎಲ್ಲರೂ ದೊಡ್ಡ ಮೇಡಂ ಅನ್ನುತ್ತಾರೆ. ದೊಡ್ಡವರು ಮೊದಲು ಹೇಳಿಬಿಟ್ಟರೆ ಚಿಕ್ಕವರ ಕಣ್ಣಿಗೂ ಅದೇ ಕಾಣತೊಡಗುತ್ತದಂತೆ. ಸ್ಕ್ಯಾನ್ ರಿಪೋರ್ಟನ್ನೂ ಮಗುಚಿ ಇಟ್ಟಿರುತ್ತಾರೆ. ಎಲ್ಲರೂ ಹೇಳಿ ಮುಗಿಸಿದ ಮೇಲೆಯೇ ತಿರುಗಿಸುವುದು.

‘ಬಾಯಿಬಿಟ್ಟರೆ ಬಣ್ಣಗೇಡು’ ಅಂತ ಗಾದೆ ಕಟ್ಟಿದವರು ಈ ಕೋಣೆ ನೋಡಿಯೇ ಕಟ್ಟಿರಬೇಕು.

ಒಂದು ಬೇಡಿಕೆ. ನಿನ್ನ ಬಸ್ ಡಿಪೋದಲ್ಲಿ ಯಾರಿಗೂ ಹೇಳಬೇಡ. ನಾನಿಲ್ಲಿ ಉಳಿಯುತ್ತೇನೋ ಇಲ್ಲವೋ ನನಗೇ ನಂಬಿಕೆಯಿಲ್ಲ. ಉಳಿದರೆ ಆಮೇಲೆ ಹೇಳುವೆಯಂತೆ.

ನೆಲಮಾಳಿಗೆಯಿಂದ,
ನಿನ್ನ ಮಗಳು


ಜುಲೈ ೧೭

ಪುಟ್ಟೀ,

ಯಾರಿಗೂ ಹೇಳಬೇಡ ಅಂದ ನಿನ್ನ ಕಾಗದ ಕೈಸೇರುವಷ್ಟರಲ್ಲಿ ನಾನು ಎಲ್ಲರಿಗೂ ಹೇಳಿ ಆಗಿತ್ತು. ಟೈರ್ ಬದಲಿಸುವವರಿಗೂ ಹೇಳಿದ್ದೇನೆ. ಏನು ಮಾಡಲಿ, ದಿನವಿಡೀ ಸ್ಟೀರಿಂಗ್ ಹಿಡಿದು ಬೇರೆ ಗಾಡಿಗಳ ಬೆನ್ನು ನೋಡುವವಳು ನಾನು, ಬಸ್ಸು ನಿಂತಾಗ ನಾಲಿಗೆ ತಡೆಯಲ್ಲ.

ನಮ್ಮ ಕಂಡಕ್ಟರ್ ಇದ್ದಾನಲ್ಲ, ಅವನಿಗೆ ಹೊಟ್ಟೆಕಿಚ್ಚು. ಡಾಕ್ಟರ್ ಓದು ಮುಗಿಸಿದವಳು ಮತ್ತೆ ಮೊದಲನೇ ವರ್ಷ ಅಂದರೆ ಏನರ್ಥ, ಎಲ್ಲೋ ಫೇಲಾಗಿರಬೇಕು ಅಂತ ಕೆಣಕಿದ. ಇದು ಡಾಕ್ಟರುಗಳಿಗೇ ಡಾಕ್ಟರಾಗುವ ಓದು, ಅವಳು ಹೆಸರು ಹೇಳಿದ ಮೇಲೇ ಮಿಕ್ಕವರು ಔಷಧಿ ಬರೆಯೋದು ಅಂದೆ. ಅವನು ಟಿಕೆಟ್ ಚೀಲ ಹೆಗಲಿಗೆ ಏರಿಸಿಕೊಂಡು, ‘ಹೆತ್ತವರಿಗೆ ಹೆಗ್ಗಣ ಮುದ್ದು ಅಕ್ಕಾ’ ಅಂದ. ಹೌದಪ್ಪ, ನನ್ನದು ಮೈಕ್ರೊಸ್ಕೋಪ್ ನೋಡೋ ಹೆಗ್ಗಣ ಅಂದೆ.

ನಿಮ್ಮ ದೊಡ್ಡ ಮೇಡಂ ಪದ್ಧತಿ ನನಗೆ ಹಿಡಿಸಿತು. ನಮ್ಮ ಡಿಪೋ ಮೀಟಿಂಗಿನಲ್ಲಿ ಮ್ಯಾನೇಜರ್ ಮೊದಲು ಮಾತಾಡುತ್ತಾರೆ, ಆಮೇಲೆ ನಾವೆಲ್ಲ ತಲೆ ಆಡಿಸುತ್ತೇವೆ.

ಆ ಮಕ್ಕಳಿಗೆ ನೋವಾಗುತ್ತಾ? ಅದನ್ನ ನೀನು ಬರೆದಿಲ್ಲ.

ಎರಡು ಟ್ರಿಪ್ಪಿನ ನಡುವೆ ಸಿಕ್ಕ ಬಿಡುವಿನಲ್ಲಿ,
ಅಮ್ಮ


ಆಗಸ್ಟ್ ೩

ಅಮ್ಮ,

ನೋವಾಗದಂತೆ ನಿದ್ದೆಯ ಮದ್ದು ಕೊಡುತ್ತಾರೆ. ಮಗು ಮಲಗಿದ ಮೇಲೆ ಸ್ಕ್ಯಾನ್ ಡಾಕ್ಟರು ತೆರೆಯ ಮೇಲೆ ನೋಡುತ್ತಾ ಸೂಜಿ ಇಳಿಸುತ್ತಾರೆ. ನಮ್ಮಲ್ಲೊಬ್ಬರು ಪಕ್ಕದಲ್ಲೇ ನಿಂತು ಹನಿಯನ್ನು ಸ್ಲೈಡಿನ ಮೇಲೆ ಹರಡಬೇಕು. ದೊಡ್ಡ ಮೇಡಂ ಅದನ್ನು ಮಾಡುವುದು ನೋಡಬೇಕು ನೀನು. ಗಾಜಿನ ಮೇಲೆ ಇನ್ನೊಂದು ಗಾಜು ಇಟ್ಟು, ಒತ್ತದೆ, ಅದರ ಭಾರಕ್ಕೇ ಹನಿ ಅಗಲವಾಗಲು ಬಿಟ್ಟು, ನಯವಾಗಿ ಎಳೆಯುತ್ತಾರೆ. ಒತ್ತಿದರೆ ಕೋಶಗಳು ನಜ್ಜುಗುಜ್ಜಾಗುತ್ತವೆ, ತಡ ಮಾಡಿದರೆ ಒಣಗುತ್ತವೆ. ನಾನು ಹರಡಿದ ಮೊದಲ ಸ್ಲೈಡ್ ನೋಡಿ ಅವರು, ಇದರ ಮೇಲೆ ನಿಮ್ಮಮ್ಮನ ಬಸ್ಸು ಹೋಯ್ತಾ ಅಂತ ಕೇಳಿದರು. ನೀನು ಬಸ್ ಓಡಿಸುವ ಸಂಗತಿ ಇಲ್ಲೂ ಎಲ್ಲರಿಗೂ ಗೊತ್ತು. ಅದನ್ನು ಹೇಳಿದವಳು ನಾನೇ, ಮೊದಲ ದಿನವೇ. ನನ್ನ ನಾಲಿಗೆಯೂ ನಿನ್ನದೇ.

ಹಾಸ್ಟೆಲಿನ ಅಸೆಂಬ್ಲಿ ಸಾಲು ನೆನಪಿದೆಯಾ? ‘ಡ್ಯೂಟಿ ಈ ಕಡೆ ಬಿತ್ತು’ ಅಂತ ನೀನು ಇದ್ದಕ್ಕಿದ್ದಂತೆ ಬಂದು ನಿಲ್ಲುತ್ತಿದ್ದೆಯಲ್ಲ, ಆಗ ಒಂದೇ ಯೂನಿಫಾರ್ಮ್, ಒಂದೇ ಜಡೆಯ ಅಷ್ಟು ಹುಡುಗಿಯರಲ್ಲಿ ನಿನ್ನವಳು ಯಾರೆಂದು ಗೇಟಿನಿಂದಲೇ ಕಣ್ಣು ಕಿರಿದು ಮಾಡಿ ಹುಡುಕುತ್ತಿದ್ದೆ. ಈ ಗಡ್ಡೆಗಳ ಕೋಶಗಳೂ ಹಾಗೇ. ಚಿಕ್ಕವು, ದುಂಡಗಿನವು, ನೀಲಿ. ಕಿಡ್ನಿಯ ಗಡ್ಡೆಯವೂ ಹಾಗೇ, ಕಿಡ್ನಿಯ ನೆತ್ತಿಯ ಮೇಲೆ ಟೋಪಿಯಂತೆ ಕೂತ ಗ್ರಂಥಿಯಲ್ಲಿ ಹುಟ್ಟುವ ನರದ ಗಡ್ಡೆಯವೂ ಹಾಗೇ. ಮುಖ ನೋಡಿ ಗುರುತಿಸಲು ಆಗುವುದಿಲ್ಲ. ಯಾರ ಜೊತೆ, ಹೇಗೆ ನಿಂತಿವೆ ಅಂತ ನೋಡಬೇಕು. ಸಣ್ಣ ಸಣ್ಣ ನಳಿಕೆಗಳನ್ನು ಕಟ್ಟಲು ಹೊರಟಿದ್ದರೆ ಕಿಡ್ನಿಯದು. ನಸುಗೆಂಪು ನೂಲಿನಂಥ ಎಳೆಗಳ ಸುತ್ತ ಕೈ ಕೈ ಹಿಡಿದು ಉಂಗುರವಾಗಿ ನಿಂತಿದ್ದರೆ ನರದ್ದು. ಎರಡಕ್ಕೂ ಔಷಧಿ ಬೇರೆ ಬೇರೆ. ಒಂದರ ಔಷಧಿ ಇನ್ನೊಂದಕ್ಕೆ ಹೋದರೆ ಮಗುವಿಗೆ ಕಷ್ಟವೆಲ್ಲ ಸಿಗುತ್ತದೆ, ಗುಣ ಮಾತ್ರ ಸಿಗುವುದಿಲ್ಲ, ಅಷ್ಟು ದಿನ ಗಡ್ಡೆ ಬೆಳೆಯುತ್ತಿರುತ್ತದೆ.

ಮೇಜಿನ ಮುಂದೆ ನನ್ನ ಸರದಿ ಬಂದಾಗಲೆಲ್ಲ ‘ಗೊತ್ತಿಲ್ಲ’ ಎಂದಿದ್ದೇನೆ. ಎರಡನೇ ವರ್ಷದವನು ತುಂಬ ಎತ್ತರ, ಬಾಗಿಲಲ್ಲಿ ತಲೆ ತಗ್ಗಿಸಿ ಬರುತ್ತಾನೆ. ಅವನನ್ನು ಉದ್ದಣ್ಣ ಎನ್ನುತ್ತೇವೆ. ಅವನೀಗ ನನಗೂ ಹೆಸರಿಟ್ಟಿದ್ದಾನೆ. ನಿನ್ನೆ ಕುರ್ಚಿ ಎಳೆದುಕೊಟ್ಟು, ‘ಬನ್ನಿ ಗೊತ್ತಿಲ್ಲಮ್ಮನವರೇ, ನಿಮ್ಮಿಂದಲೇ ಶುರುವಾಗಲಿ’ ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಚೆನ್ನಾಗಿದ್ದೇನೆ.

ನಿನ್ನ ಮಗಳು


ಆಗಸ್ಟ್ ೧೨

ಪುಟ್ಟೀ,

ನಕ್ಕೆ ಅಂತ ಬರೆದು, ಅದರ ಕೆಳಗೇ ಚೆನ್ನಾಗಿದ್ದೇನೆ ಅಂತ ಬೇರೆ ಬರೆದಿದ್ದೀಯ. ಇರಲಿ.

ಗೊತ್ತಿಲ್ಲ ಅನ್ನುವ ಡಾಕ್ಟರನ್ನ ನಾನು ಈವರೆಗೆ ಕಂಡಿಲ್ಲ. ನನ್ನ ಮಂಡಿ ನೋವಿಗೆ ತೋರಿಸಿದವರೆಲ್ಲ ಒಬ್ಬೊಬ್ಬರು ಒಂದೊಂದು ಗೊತ್ತು ಹೇಳಿದರು, ನೋವು ಎಲ್ಲರ ಮಾತನ್ನೂ ಕೇಳಿಸಿಕೊಂಡು ಇದ್ದಲ್ಲೇ ಇದೆ. ಆ ಉದ್ದಣ್ಣನಿಗೆ ಹೇಳು, ಉದ್ದ ಇದ್ದವರು ಬಸ್ಸಿನಲ್ಲಿ ನಿಂತರೆ ತಲೆಗೇ ಪೆಟ್ಟು.

ಆದರೂ ಮಗಳೇ, ಒಂದು ಸಲವಾದರೂ ಗೊತ್ತು ಅಂತ ಹೇಳಿಬಿಡು. ಕಂಡಕ್ಟರ್ ದಿನಾ ಕೇಳುತ್ತಾನೆ, ನಾನು ದಿನಾ ನಾಳೆ ಅನ್ನುತ್ತಿದ್ದೇನೆ.

ಅಮ್ಮ


ಸೆಪ್ಟೆಂಬರ್ ೨

ಅಮ್ಮ,

ಹೇಳಿದೆ!

ನಿನ್ನೆ ಒಂದು ಹೆಣ್ಣುಮಗು ಬಂತು, ಎರಡು ತುಂಬಲು ಇನ್ನೂ ಸ್ವಲ್ಪ ದಿನ ಬೇಕು. ಹೊಟ್ಟೆಯ ಎಡಗಡೆ ಎಷ್ಟು ಉಬ್ಬಿತ್ತೆಂದರೆ ಫ್ರಾಕಿನ ಗುಂಡಿಗಳು ಕೂಡುತ್ತಿರಲಿಲ್ಲ, ಅದರ ತಾಯಿ ಎರಡು ತುದಿಗೆ ದೊಡ್ಡದೊಂದು ಪಿನ್ನು ಹಾಕಿದ್ದರು. ಮಲಗಿಸಿದಾಗ ಆ ಪಿನ್ನನ್ನು ಬಿಚ್ಚಿ ನನ್ನ ಕೋಟಿಗೆ ಸಿಕ್ಕಿಸಿಕೊಂಡೆ, ಕಳೆದುಹೋಗದಿರಲಿ ಅಂತ. ಸೂಜಿ ಇಳಿಸುತ್ತಾ ಸ್ಕ್ಯಾನ್ ಡಾಕ್ಟರು ತಮ್ಮಷ್ಟಕ್ಕೇ, ‘ಕಿಡ್ನಿಯಿಂದಲೇ ಎದ್ದಿರೋ ಹಾಗಿದೆ’ ಅಂದರು. ಸ್ಲೈಡುಗಳನ್ನು ನಾನೇ ಹರಡಿದೆ. ಒಂದು ಮಾತ್ರ ಕೈ ತಪ್ಪಿ ಹಾಳಾಯಿತು. ದಪ್ಪಗೆ, ಒಂದು ಕಡೆ ಜಜ್ಜಿಹೋಗಿ, ನೋಡಲು ಅಸಹ್ಯ. ಅದಕ್ಕೂ ಬಣ್ಣವೇನೋ ಹಾಕಿದೆ, ಆದರೆ ಮೇಜಿಗೆ ಒಯ್ಯಲಿಲ್ಲ. ಮಿಕ್ಕವು ಎಷ್ಟು ಚೆಂದ ಬಂದಿದ್ದವು ಗೊತ್ತಾ.

ಇವತ್ತು ಬೆಳಗ್ಗೆ ಕಣ್ಣಿಟ್ಟ ಕೂಡಲೇ ನೀಲಿ ಕೋಶಗಳ ಮಧ್ಯೆ ನಳಿಕೆಗಳು ಕಂಡವು. ಗಂಟಲು ಸರಿಮಾಡಿಕೊಂಡು, ಗಟ್ಟಿಯಾಗಿ, ಕಿಡ್ನಿಯ ಗಡ್ಡೆ ಅಂದೆ. ಉದ್ದಣ್ಣ ಹೌದೆಂದ. ಸರ್ ಹೌದೆಂದರು. ಉದ್ದಣ್ಣ ಮೇಜಿನ ಅಡಿಯಿಂದ ಕೈ ಚಾಚಿ ನನ್ನ ಕೈ ಕುಲುಕಿದ. ದೊಡ್ಡ ಮೇಡಂ ಮಾತ್ರ ಬಹಳ ಹೊತ್ತು ನೋಡಿ, ನಾಳೆ ಇನ್ನೊಂದು ಸಲ ನೋಡಿ ಸಹಿ ಹಾಕೋಣ ಅಂದರು. ಅವರು ಯಾವಾಗಲೂ ಹಾಗೇ. ಮೇಲಿನ ಡಾಕ್ಟರುಗಳು ಅವಸರ ಮಾಡಿದ್ದಕ್ಕೆ, ಕಿಡ್ನಿಯದಿರಬಹುದು, ಸಿದ್ಧ ಮಾಡಿಕೊಳ್ಳಿ, ಸಹಿಯಾಗದೆ ಶುರುಮಾಡಬೇಡಿ ಅಂತ ಫೋನಿನಲ್ಲಿ ಹೇಳಿದರು.

ಡಿಪೋದಲ್ಲಿ ಹೇಳಬಹುದು. ಇದನ್ನು ಈಗಲೇ ಟಪಾಲಿಗೆ ಹಾಕಿ ಬರುತ್ತೇನೆ.

ನಿನ್ನ ‘ಗೊತ್ತು’


ಸೆಪ್ಟೆಂಬರ್ ೮

ನನ್ನ ಬಂಗಾರ,

ಕಾಗದವನ್ನ ಬಸ್ಸಿನ ಮೆಟ್ಟಿಲ ಮೇಲೆ ನಿಂತು ಜೋರಾಗಿ ಓದಿದೆ. ಎಲ್ಲರಿಗೂ ಚಹಾ ಕೊಡಿಸಿದೆ, ಕಂಡಕ್ಟರಿಗೆ ಎರಡು ಲೋಟ. ಅವನು ಸೋತ ಮುಖ ಮಾಡಿ ಕುಡಿದ. ನಿನ್ನ ದನಿ ಗಟ್ಟಿಯಾಗಿತ್ತು ಅಂತ ಬರೆದಿದ್ದೀಯಲ್ಲ, ಆ ಸಾಲನ್ನ ಮತ್ತೆ ಮತ್ತೆ ಓದಿಸಿಕೊಂಡರು. ಗೊತ್ತಿಲ್ಲಮ್ಮ ಅಂದವನ ಬಾಯಿಗೆ ಬೀಗ ಬಿತ್ತಲ್ಲ.

ಆ ಪಿನ್ನು ವಾಪಸ್ ಕೊಟ್ಟೆ ತಾನೆ?

ನೆಲದ ಮೇಲೆ ಕಾಲು ನಿಲ್ಲದ,
ಅಮ್ಮ


ಸೆಪ್ಟೆಂಬರ್ ೧೧

ಅಮ್ಮ,

ನಿನ್ನ ಕಾಗದ ಇವತ್ತು ಬಂತು. ಚಹಾದ ಸಂಗತಿ ಓದಿ ಮೆಟ್ಟಿಲ ಮೇಲೆಯೇ ಕೂತುಬಿಟ್ಟೆ. ಇಷ್ಟು ದಿನ ನಾನು ಬರೆಯಲಿಲ್ಲ. ಬರೆಯಲು ಕೂತು ಹರಿದೆ. ಇದನ್ನು ಹರಿಯುವುದಿಲ್ಲ.

ಅವತ್ತು ನಿನಗೆ ಕಾಗದ ಹಾಕಿ ಬಂದು, ಮಧ್ಯಾಹ್ನ ನನ್ನ ಟ್ರೇ ತೊಳೆಯಲು ಹೋದೆ. ಹಾಳಾದ ಸ್ಲೈಡ್ ಅಲ್ಲೇ ಇತ್ತು. ಕೈ ಎಲ್ಲಿ ತಪ್ಪಿತು ಅಂತ ನೋಡಿಕೊಳ್ಳೋಣವೆಂದು ಸುಮ್ಮನೆ ಮೈಕ್ರೊಸ್ಕೋಪಿಗೆ ಇಟ್ಟೆ. ಮುಕ್ಕಾಲು ಭಾಗ ಜಜ್ಜಿಹೋಗಿತ್ತು. ಆದರೆ ದಪ್ಪಗೆ ಉಳಿದ ಮೂಲೆಯಲ್ಲಿ ನಸುಗೆಂಪು ಎಳೆಗಳು. ಅವುಗಳ ಸುತ್ತ ನೀಲಿ ಕೋಶಗಳು ಉಂಗುರವಾಗಿ ನಿಂತಿದ್ದವು. ಒಂದಲ್ಲ, ಎಲ್ಲಿ ತಿರುಗಿಸಿದರೂ ಉಂಗುರ. ನಾನು ಚೆಂದಗೆ, ತೆಳ್ಳಗೆ ಎಳೆದ ಸ್ಲೈಡುಗಳಲ್ಲಿ ಆ ಎಳೆಗಳು ಹರಿದು ಚದುರಿಹೋಗಿದ್ದವು. ಕೆಟ್ಟದ್ದರಲ್ಲಿ ಮಾತ್ರ ಉಳಿದಿದ್ದವು.

ಮತ್ತೆ ಆ ಚೆಂದದ ಸ್ಲೈಡುಗಳನ್ನು ತೆಗೆದು ನಳಿಕೆಗಳನ್ನು ನೋಡಿದೆ. ಶಾಂತವಾಗಿದ್ದವು, ಅಚ್ಚುಕಟ್ಟಾಗಿದ್ದವು, ನೀಲಿ ಕೋಶಗಳ ಜೊತೆ ಬೆರೆತೇ ಇರಲಿಲ್ಲ. ಅವು ಗಡ್ಡೆಯವಲ್ಲ ಅಮ್ಮ. ಆ ಮಗುವಿನ ಆರೋಗ್ಯವಾದ ಕಿಡ್ನಿಯವು. ಸೂಜಿ ಗಡ್ಡೆಗೆ ಹೋಗುವ ದಾರಿಯಲ್ಲಿ ಕಿಡ್ನಿಯ ಅಂಚನ್ನು ಹಾದುಹೋಗಿ ಅವನ್ನೂ ಹೆಕ್ಕಿಕೊಂಡು ಬಂದಿತ್ತು. ಇದನ್ನು ಪುಸ್ತಕದಲ್ಲಿ ಓದಿದ್ದೆ, ಅಡಿಗೆರೆ ಕೂಡ ಹಾಕಿದ್ದೆ. ಆದರೂ ಸ್ಕ್ಯಾನ್ ಡಾಕ್ಟರು ಗೊಣಗಿದ ‘ಕಿಡ್ನಿ’ ನನ್ನ ಕಿವಿಯಲ್ಲಿತ್ತು. ಮೇಜಿನ ಮೇಲೆ ಕಾಗದ ಮಗುಚಿ ಇಟ್ಟರೇನು, ನಾನು ಹಿಂದಿನ ದಿನವೇ ಕೇಳಿಸಿಕೊಂಡಿದ್ದೆ. ಕೇಳಿದ್ದನ್ನೇ ಕಂಡೆ. ದೊಡ್ಡವರ ಮಾತು ಚಿಕ್ಕವರನ್ನು ಎಳೆಯಬಾರದು ಅಂತ ಪದ್ಧತಿ ಮಾಡಿದ್ದಾರೆ. ಚಿಕ್ಕವಳ ಗಟ್ಟಿ ದನಿ ದೊಡ್ಡವರನ್ನು ಎಳೆದೀತು ಅಂತ ಯಾರೂ ಯೋಚಿಸಿರಲಿಲ್ಲ, ಯಾಕೆಂದರೆ ಇಲ್ಲಿಯವರೆಗೆ ಯಾವ ಚಿಕ್ಕವರೂ ಅಷ್ಟು ಗಟ್ಟಿಯಾಗಿ ಹೇಳಿರಲಿಲ್ಲವಂತೆ.

ಮೇಲೆ ವಾರ್ಡಿನಲ್ಲಿ ಕಿಡ್ನಿ ಗಡ್ಡೆಯ ಔಷಧಿ ಬರೆದಿಟ್ಟು ಸಹಿಗೆ ಕಾಯುತ್ತಿದ್ದರು. ಸುಳ್ಳು ಹೇಳುವುದಿಲ್ಲ, ಒಂದು ಕ್ಷಣ ಅನ್ನಿಸಿತು, ನಾಳೆ ದೊಡ್ಡ ಮೇಡಂ ಹೇಗೂ ಇನ್ನೊಮ್ಮೆ ನೋಡುತ್ತಾರಲ್ಲ ಅಂತ. ಆದರೆ ಅವರು ನೋಡುವುದು ಚೆಂದದ ಸ್ಲೈಡುಗಳನ್ನು. ಕೆಟ್ಟದ್ದು ಇರುವುದು ನನ್ನೊಬ್ಬಳ ಟ್ರೇಯಲ್ಲಿ. ಟಪಾಲಿಗೆ ಹಾಕಿ ಬಂದ ಕಾಗದವೂ ನೆನಪಾಯಿತು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರಲ್ಲ. ನನ್ನ ಕೋಟಿನಲ್ಲಿ ಆ ಪಿನ್ನು ಇನ್ನೂ ಹಾಗೇ ಇತ್ತು, ಕೊಡಲು ಮರೆತಿದ್ದೆ. ಎದ್ದು ದೊಡ್ಡ ಮೇಡಂ ಕೋಣೆಗೆ ಹೋದೆ.

‘ಮೇಡಂ, ಬೆಳಗ್ಗೆ ನಾನು ಹೇಳಿದ್ದು ತಪ್ಪು ಅನ್ಸತ್ತೆ.’

‘ಅನ್ಸತ್ತಾ, ಗೊತ್ತಾ?’

‘ಗೊತ್ತು.’

ಸ್ಲೈಡ್ ಇಟ್ಟೆ. ಅವರು ನೋಡಿದರು, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

‘ಇದು ಬೆಳಗ್ಗೆ ಎಲ್ಲಿತ್ತು?’

‘ನನ್ನ ಟ್ರೇಲಿ. ಚೆನ್ನಾಗಿ ಬಂದಿರ್ಲಿಲ್ಲ. ನಿಮ್ಮ ಮುಂದೆ ಇಡೋಕೆ ನಾಚಿಕೆಯಾಯ್ತು.’

‘ನಿನ್ನ ನಾಚಿಕೆ ಕಟ್ಕೊಂಡು ಆ ಮಗು ಏನ್ ಮಾಡ್ಬೇಕಮ್ಮ?’

ಬೈಗುಳ ಅಷ್ಟೇ. ಆಮೇಲೆ ನನ್ನೆದುರಿಗೇ ವಾರ್ಡಿಗೆ ಫೋನು ಮಾಡಿ ಔಷಧಿ ತಡೆದರು. ಫೋನು ಇಟ್ಟು, ನಾಳೆ ಮೇಜಿನ ಮುಂದೆ ಇದನ್ನು ನೀನೇ ಹೇಳಬೇಕು, ನಾನು ಬಾಯಿ ತೆರೆಯುವುದಿಲ್ಲ ಅಂದರು.

ಹೇಳಿದೆ. ಸ್ಕ್ಯಾನ್ ಡಾಕ್ಟರನ್ನೂ ಕರೆಸಿದ್ದರು. ಹಿಂದಿನ ದಿನ ಹೇಳಿದ್ದು ತಪ್ಪು, ಯಾಕೆ ತಪ್ಪು, ಕೆಟ್ಟ ಸ್ಲೈಡನ್ನು ಯಾಕೆ ಬಚ್ಚಿಟ್ಟೆ, ಎಲ್ಲ ಹೇಳಿದೆ. ಈ ಸಲ ದನಿ ಗಟ್ಟಿಯಿರಲಿಲ್ಲ. ನರದ ಗಡ್ಡೆ ಮೂತ್ರದಲ್ಲೂ ಗುರುತು ಬಿಡುತ್ತದೆ, ಅದಕ್ಕೆ ಮಗುವಿನ ಮೂತ್ರವನ್ನು ಪರೀಕ್ಷೆಗೆ ಕಳಿಸಿದರು, ಸೂಜಿಯಿಂದ ತೊಳೆದು ತೆಗೆದಿಟ್ಟಿದ್ದಕ್ಕೆ ಬೇರೆ ಬಣ್ಣ ಹಾಕಿ ನೋಡಿದರು. ನಿನ್ನೆ ಉತ್ತರ ಬಂತು. ಎರಡೂ ನರದ ಗಡ್ಡೆ ಎಂದೇ ಹೇಳಿದವು. ಮೂಳೆಯ ಮಜ್ಜೆಯನ್ನೂ ನೋಡಿದರು, ಅಲ್ಲಿಗೆ ಹರಡಿಲ್ಲ. ಸರಿಯಾದ ಔಷಧಿ ಇವತ್ತು ಶುರುವಾಯಿತು.

ಹಾಸ್ಟೆಲಿನಲ್ಲಿ ಭಾನುವಾರ ವಾರ್ಡನ್ ನಮ್ಮ ಕಾಗದಗಳನ್ನು ಓದಿಯೇ ಟಪಾಲಿಗೆ ಹಾಕುತ್ತಿದ್ದರು. ಬೇಡವಾದದ್ದು ಕಂಡರೆ ರಬ್ಬರ್ ಕೊಟ್ಟು ಅಳಿಸಿ ಬರಿ ಎನ್ನುತ್ತಿದ್ದರು. ಚೆಂದದ್ದನ್ನು ಮಾತ್ರ ಮೇಜಿಗೆ ಒಯ್ಯುವುದು ನನ್ನ ಕೈಗೆ ಅಲ್ಲೇ ಅಂಟಿರಬೇಕು.

ನಿನ್ನ ಚಹಾ ಕುಡಿದವರಿಗೆ ಈಗ ಏನು ಹೇಳುತ್ತೀಯೋ. ನಾನು ವಾಪಸ್ ಬಂದುಬಿಡಲಾ ಅಮ್ಮ?

ಪಿನ್ನು ಕೊಟ್ಟೆ.

ನಿನ್ನ ಮಗಳು


ಸೆಪ್ಟೆಂಬರ್ ೧೭

ಪುಟ್ಟೀ,

ಬರಬೇಡ.

ಚಹಾ ಕುಡಿದವರಿಗೆ ಏನು ಹೇಳುತ್ತೀಯೋ ಅಂತ ಕೇಳಿದೆಯಲ್ಲ. ಅದೇ ಮೆಟ್ಟಿಲ ಮೇಲೆ ನಿಂತು ಇದನ್ನೂ ಓದಿದೆ, ಒಂದಕ್ಷರ ಬಿಡದೆ. ನಿನ್ನ ಅಪ್ಪಣೆ ಕೇಳಲಿಲ್ಲ, ಕೇಳಿದ್ದರೆ ಕೊಡುತ್ತಿರಲಿಲ್ಲ. ಓದಿ ಮುಗಿಸಿದಾಗ ಕಂಡಕ್ಟರ್, ‘ಅಂದ ಮಾತು ನುಂಗ್ಬಿಟ್ಳಾ ಅಕ್ಕಾ?’ ಅಂದ. ‘ನುಂಗಿದ್ರೆ ನಿನಗೆ ಗೊತ್ತಾಗ್ತಿತ್ತೇನೋ? ನಾಲ್ಕು ಜನರ ಮುಂದೆ ತೆಗೆದಿಟ್ಟಳು’ ಅಂದೆ. ಅವನು ತಲೆ ಕೆರೆದುಕೊಂಡು ಹೋಗಿ ತಾನೇ ಚಹಾ ತಂದ, ಎಲ್ಲರಿಗೂ. ಇದುವರೆಗೆ ಅವನ ಜೇಬಿನ ಒಳಗಡೆ ಯಾರೂ ಕಂಡಿರಲಿಲ್ಲ. ಹಿಂದಿನ ಸಲದ ಚಹಾಕ್ಕಿಂತ ಇದೇ ರುಚಿಯಾಗಿತ್ತು, ನಿಜ ಹೇಳುತ್ತೇನೆ.

ರಿವರ್ಸ್ ಗೇರ್ ಹಾಕಲು ನಾಚಿಕೊಂಡವರ ಬಸ್ಸೆಲ್ಲ ಗೋಡೆಗೆ ಗುದ್ದಿರೋದನ್ನ ಈ ಡಿಪೋದಲ್ಲಿ ನೋಡಿದ್ದೇನೆ. ಮುಂದಕ್ಕೆ ಓಡಿಸೋದು ಯಾರಿಗೂ ಬರುತ್ತೆ. ಹಿಂದೆ ಜನ ತುಂಬಿರುವಾಗ, ಎಲ್ಲರೂ ನೋಡುತ್ತಿರುವಾಗ, ನಿಧಾನವಾಗಿ ಹಿಂದಕ್ಕೆ ತರುವವಳಿಗೇ ಲೈಸೆನ್ಸು.

ಇನ್ನೊಂದು. ನೀನು ಅಳಿಸಿ ಬರೆಯುತ್ತಿದ್ದ ಕಾಗದಗಳ ವಿಷಯ. ರಬ್ಬರ್ ಸೀಸವನ್ನ ಅಳಿಸುತ್ತೆ ಕಣೇ, ಒತ್ತಿ ಬರೆದ ಗೀರು ಹಾಗೇ ಉಳಿಯುತ್ತೆ. ನಿನ್ನದು ಚಿಕ್ಕಂದಿನಿಂದಲೂ ಒತ್ತುವ ಕೈ. ಬಸ್ಸಿನ ಮುಂಗಾಜಿಗೆ, ಬಿಸಿಲಿಗೆ ಹಿಡಿದರೆ ‘ಚೆನ್ನಾಗಿದ್ದೇನೆ’ ಅನ್ನುವುದರ ಕೆಳಗೆ ಇದ್ದದ್ದೆಲ್ಲ ಓದಲು ಬರುತ್ತಿತ್ತು. ನನ್ನ ಡ್ಯೂಟಿ ಯಾವತ್ತೂ ನಿನ್ನ ಹಾಸ್ಟೆಲ್ ಕಡೆ ಬಿದ್ದಿಲ್ಲ. ಆ ಕಡೆಗೆ ನಮ್ಮ ಡಿಪೋದ ಬಸ್ಸೇ ಇಲ್ಲ.

ಅದಕ್ಕೆ ಇನ್ನು ಮೇಲೆ ನನ್ನ ಕಣ್ಣಿಗೆ ಕಷ್ಟ ಕೊಡಬೇಡ. ನನಗೆ ಕನ್ನಡಕ ಬಂದಿದೆ. ಕೆಟ್ಟದ್ದಿದ್ದರೆ ಅದನ್ನೇ ಮೊದಲ ಸಾಲಿಗೆ ಬರಿ.

ಅಮ್ಮ


ಅಕ್ಟೋಬರ್ ೫

ಅಮ್ಮ,

ಕೆಟ್ಟದ್ದು ಮೊದಲು. ನಿನ್ನ ಕಾಗದ ಓದಿ ವಿಭಾಗದ ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡು ಅತ್ತೆ. ಹಾಸ್ಟೆಲ್ ಹುಡುಗಿಯರಿಗೆ ಬಚ್ಚಲಿನಲ್ಲಿ ಅಳುವುದೇ ಅಭ್ಯಾಸ. ಉದ್ದಣ್ಣ ಹೊರಗಿನಿಂದ, ಒಳಗೆ ಯಾರು, ಎಷ್ಟು ಹೊತ್ತು ಅಂತ ಬಾಗಿಲು ತಟ್ಟಿದ. ‘ಗೊತ್ತಿಲ್ಲ’ ಅಂದೆ. ಅವನು ನಗುತ್ತಾ ಹೋದ.

ಈಗ ಒಳ್ಳೆಯದು. ನೀನೂ ದೊಡ್ಡ ಮೇಡಮ್ಮೂ ಕದ್ದು ಫೋನು ಮಾಡಿಕೊಳ್ಳುತ್ತೀರಾ? ನಿನ್ನ ಕಾಗದ ಬಂದ ವಾರವೇ ಅವರು ಮೇಜಿನ ಮುಂದೆ ಎರಡು ಹೊಸ ಪದ್ಧತಿ ಹೇಳಿದರು. ಸೂಜಿ ಹಾಕುವಾಗ ಪಕ್ಕದಲ್ಲಿ ನಿಂತವರು ಮೊದಲು ಮಾತಾಡಬಾರದು, ಅವರು ಆಗಲೇ ಏನೋ ಕೇಳಿಸಿಕೊಂಡಿರುತ್ತಾರೆ. ಮತ್ತೆ ಸ್ಲೈಡುಗಳಲ್ಲಿ ಎಲ್ಲಕ್ಕಿಂತ ಕೆಟ್ಟದಾಗಿ ಬಂದದ್ದನ್ನು ಮೊದಲು ಮೇಜಿಗೆ ಇಡಬೇಕು. ಸರ್ ತಮ್ಮ ಡ್ರಾಯರ್‌ನಿಂದ ಒಂದು ಸ್ಲೈಡ್ ತೆಗೆದು ಸದ್ದಿಲ್ಲದೆ ಮೇಜಿಗೆ ತಂದಿಟ್ಟರು. ಉದ್ದಣ್ಣ ಕೋಟಿನ ಜೇಬಿನಿಂದಲೇ ಒಂದು ತೆಗೆದ. ಆಮೇಲೆ ದೊಡ್ಡ ಮೇಡಂ ತಮ್ಮ ಕೋಣೆಗೆ ಹೋಗಿ ಒಂದನ್ನು ತಂದರು. ಅವರದು ನಮ್ಮೆಲ್ಲರದಕ್ಕಿಂತ ಕೆಟ್ಟದಾಗಿತ್ತು ಅಮ್ಮ. ಅವರ ಆ ಕೈಯಿಂದ ಅಂಥದ್ದು ಬಂದೀತೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಅವತ್ತು ಬೆಳಗ್ಗೆ ನಾವು ನಕ್ಕಷ್ಟು ಈ ನೆಲಮಾಳಿಗೆ ಎಂದೂ ನಕ್ಕಿರಲಿಕ್ಕಿಲ್ಲ.

ವಾಪಸ್ ಬರುವುದಿಲ್ಲ.

ಒತ್ತುವ ಕೈಯವಳು


ಡಿಸೆಂಬರ್ ೧

ಪುಟ್ಟೀ,

ಕೆಟ್ಟದ್ದು ಮೊದಲು ಅನ್ನೋದು ನನಗೂ ಅನ್ವಯಿಸುತ್ತೆ ಅಂತ ಕಂಡಕ್ಟರ್ ಹಟ ಹಿಡಿದಿದ್ದಾನೆ, ಅದಕ್ಕೆ ಬರೆಯುತ್ತಿದ್ದೇನೆ. ಮಂಡಿಯ ದೆಸೆಯಿಂದ ನನ್ನನ್ನ ದೂರದ ರೂಟಿನಿಂದ ತೆಗೆದು ಊರೊಳಗಿನ ಚಿಕ್ಕ ರೂಟಿಗೆ ಹಾಕಿದ್ದಾರೆ. ಮೊದಲ ದಿನ ಮುಖ ಊದಿಸಿಕೊಂಡಿದ್ದೆ. ಈಗ ಹೊಸ ಸ್ಟಾಪುಗಳು, ಹೊಸ ಜನ. ನಿನ್ನ ಕಥೆ ಗೊತ್ತಿಲ್ಲದವರು ಬೇಕಾದಷ್ಟಿದ್ದಾರೆ.

ಆ ಮಗು ಹೇಗಿದೆ? ಡಿಪೋದಲ್ಲಿ ಬೆಳಗ್ಗೆ ಎಲ್ಲರೂ ಮೊದಲು ಕೇಳೋದು ಅದನ್ನೇ, ನಿನ್ನನ್ನಲ್ಲ.

ಚಿಕ್ಕ ರೂಟಿನ,
ಅಮ್ಮ


ಫೆಬ್ರವರಿ ೨೦

ಅಮ್ಮ,

ಕೆಟ್ಟದ್ದು ಮೊದಲು. ಮೊನ್ನೆ ಒಂದು ಸ್ಲೈಡನ್ನು ಬಣ್ಣಕ್ಕೆ ಹಾಕುವ ಮೊದಲೇ ಕೈಜಾರಿ ಒಡೆದೆ. ಚೂರುಗಳಿಗೇ ಬಣ್ಣ ಹಾಕಿ, ಜೋಡಿಸಿ ಮೇಜಿಗೆ ಇಟ್ಟೆ. ದೊಡ್ಡ ಮೇಡಂ ಚೂರುಗಳಲ್ಲೇ ನೋಡಿದರು, ಬೈದರು ಕೂಡ.

ಆ ಮಗುವಿಗೆ ಆಪರೇಷನ್ ಆಯಿತು. ಔಷಧಿಗೆ ಗಡ್ಡೆ ಎಷ್ಟು ಕುಗ್ಗಿತ್ತೆಂದರೆ ಪೂರ್ತಿ ತೆಗೆಯಲು ಆಯಿತಂತೆ, ಕಿಡ್ನಿಯನ್ನೂ ಉಳಿಸಿಕೊಂಡಿದ್ದಾರೆ. ಆ ಶಾಂತವಾದ ನಳಿಕೆಗಳ ಕಿಡ್ನಿ. ತೆಗೆದ ಗಡ್ಡೆ ನಮ್ಮ ಮೇಜಿಗೇ ಬಂತು. ಅದನ್ನು ಕುಯ್ದು ನೋಡುವ ಕೆಲಸವನ್ನು ದೊಡ್ಡ ಮೇಡಂ ನನಗೇ ಕೊಟ್ಟರು. ಬಹುಪಾಲು ಸತ್ತಿತ್ತು. ಉಳಿದ ಕೋಶಗಳು ತುಂಟಾಟ ಬಿಟ್ಟು ದೊಡ್ಡವರಾದ ಹಾಗೆ ಮಾಗಿದ್ದವು. ಈ ಸಲ ನಾನು ಪಕ್ಕದಲ್ಲಿ ನಿಂತು ಏನೂ ಕೇಳಿಸಿಕೊಂಡಿರಲಿಲ್ಲವಾದ್ದರಿಂದ ಮೊದಲು ಮಾತಾಡುವ ಸರದಿ ನನ್ನದೇ. ಹೇಳಿದೆ. ಉದ್ದಣ್ಣ ಹೌದೆಂದ, ಸರ್ ಹೌದೆಂದರು, ದೊಡ್ಡ ಮೇಡಂ ಅಲ್ಲೇ ಸಹಿ ಹಾಕಿದರು. ‘ನಾಳೆ ನೋಡೋಣ’ ಅನ್ನಲಿಲ್ಲ.

ಇನ್ನೂ ಬಹಳ ದಿನ ಬಂದು ತೋರಿಸಿಕೊಂಡು ಹೋಗಬೇಕು. ಆದರೆ ಇವತ್ತು ಮಗು ಮನೆಗೆ ಹೊರಟಿತು. ಮೇಲೆ ಯಾವುದೋ ರಿಪೋರ್ಟ್ ಕೊಡಲು ಹೋಗಿದ್ದೆ, ಲಿಫ್ಟಿನ ಮುಂದೆ ಸಿಕ್ಕಿತು, ತಂದೆಯ ತೋಳಿನಲ್ಲಿ. ತಲೆಯಲ್ಲಿ ಕೂದಲು ಈಗಷ್ಟೇ ಚಿಗುರುತ್ತಿದೆ. ಅದೇ ಫ್ರಾಕು. ಪಿನ್ನು ಇರಲಿಲ್ಲ, ಗುಂಡಿಗಳೆಲ್ಲ ಕೂಡಿದ್ದವು. ನಾನು ಗುಂಡಿಗಳನ್ನೇ ನೋಡುತ್ತಿರುವುದು ಕಂಡು ಅದು ಹೊಟ್ಟೆ ಮುಂದೆ ಮಾಡಿ, ಬೆರಳಿಟ್ಟು, ‘ಗುಂಡಿ’ ಅಂತ ನನಗೆ ಹೇಳಿಕೊಟ್ಟಿತು.

ತಂದೆ ನನ್ನ ಕೋಟು ನೋಡಿ, ‘ನೀವು ಯಾವ ಡಾಕ್ಟ್ರಮ್ಮ? ನಿಮ್ಮನ್ನ ವಾರ್ಡಲ್ಲಿ ನೋಡೇ ಇಲ್ವಲ್ಲ’ ಅಂದರು.

‘ನಾನು ಕೆಳಗಡೆಯವಳು’ ಅಂದೆ.

ಕೆಳಗೆ ಏನಿದೆ ಎಂದು ಅವರಿಗೆ ಗೊತ್ತಿರಲಿಲ್ಲ, ನಾನೂ ವಿವರಿಸಲಿಲ್ಲ. ಲಿಫ್ಟ್ ಬಂತು, ಹೋದರು. ನಾನು ಮೆಟ್ಟಿಲಿಳಿದು ಬಂದು, ಸೂರಿನ ಕಿಟಕಿಯ ಕೆಳಗೆ ನಿಂತುಕೊಂಡೆ. ಸ್ವಲ್ಪ ಹೊತ್ತಿಗೆ ದೊಡ್ಡವರ ಕಾಲುಗಳ ನಡುವೆ ಒಂದು ಜೊತೆ ಚಿಕ್ಕ ಬೂಟು ಹಾದುಹೋಯಿತು. ಎತ್ತಿಕೊಂಡಿರಲಿಲ್ಲ ಅಮ್ಮ, ತಾನೇ ನಡೆಯುತ್ತಿತ್ತು.

ಇದನ್ನು ಅಳಿಸಿ ಬರೆದಿಲ್ಲ, ಬೇಕಿದ್ದರೆ ಬಿಸಿಲಿಗೆ ಹಿಡಿದು ನೋಡು. ಮತ್ತೆ ಡಿಪೋದಲ್ಲಿ ಹೇಳು. ಟೈರ್ ಬದಲಿಸುವವರಿಗೂ, ಚಿಕ್ಕ ರೂಟಿನ ಹೊಸ ಜನಕ್ಕೂ, ಮೆಟ್ಟಿಲ ಮೇಲೆ ನಿಂತು ಎಲ್ಲರಿಗೂ ಹೇಳು.

ನಿನ್ನ
ಗೊತ್ತಿಲ್ಲಮ್ಮ